ಕಾಕಾ ನಾಲಿಗೆ ಅಳೆದದ್ದು

ನಮ್ಮ ಕಾಕಾನ ಎದುರಿಗೆ "ಇವತ್ತು ಬಹಳ ಸೆಖೆ" ಎಂದು ಹೇಳಿ ಸುಮ್ಮನೆ ಮುಂದೆ ನಡೆದು ಹೋದ ಮನುಷ್ಯ ಇಡೀ ಮುಂಬಯಿಯಲ್ಲಿ ಒಬ್ಬನೂ ಇರಲಿಲ್ಲ!

"ಬಹಳ ಅಂದ್ರ ಎಷ್ಟು?" ಎಂದು ಕಾಕಾ ಅವನನ್ನು ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದರು. "ನಿನ್ನಿಗಿಂತ ಎಷ್ಟು ಬಹಳ? ಒಂದೂವರಿ ಪಟ್ಟೋ, ಎರಡು ಪಟ್ಟೋ? ಸೆಖಿ ಅಂತ ನಿಮಗ ಮೊದಲ ಅನಿಸಿದ್ದು ಎಷ್ಟು ಗಂಟೆಕ್ಕ?"

ಪಾಪ, ಅವನು ಹವೆಯ ನೆಪದಲ್ಲಿ ಎರಡು ಮಾತಾಡಿ ಲೋಕಲ್ ಹಿಡಿಯಲು ಹೊರಟವನು. ಲೋಕಲ್ ಹೋಗುತ್ತಿತ್ತು, ಅವನು ಉಳಿಯುತ್ತಿದ್ದ. ಒಮ್ಮೆ ನಮ್ಮ ಬಿಲ್ಡಿಂಗಿನ ಕೆಳಮನೆಯ ಗೃಹಸ್ಥರು ಹಲ್ಲುನೋವೆಂದು ಕೆನ್ನೆಗೆ ಮಫ್ಲರ್ ಕಟ್ಟಿಕೊಂಡು ಕೂತಿದ್ದರು. ಕಾಕಾ ಪಕ್ಕದಲ್ಲಿ ಕುಳಿತು, "ಈಗಿನ ನೋವಿಗೆ ನೂರು ಅಂಕ ಕೊಟ್ರ, ನಿನ್ನಿ ನೋವಿಗೆ ಎಷ್ಟು ಕೊಡ್ತೀರಿ?" ಎಂದು ಕೇಳಿದರು. ಬಾಯಿ ತೆರೆಯಲಾಗದ ಆ ಗೃಹಸ್ಥರು ಕೈಯೆತ್ತಿ ಬಾಗಿಲು ತೋರಿಸಿದರು. ಕಾಕಾ ಬೇಸರಪಟ್ಟುಕೊಳ್ಳಲಿಲ್ಲ. ಅದನ್ನೂ ಬರೆದುಕೊಂಡರು: "ಉತ್ತರ: ಕೈಸನ್ನೆ."

ಇದು ಐವತ್ತರ ದಶಕದ ಮಾತು. ಕಾಕಾ ಎಂದರೆ ನನ್ನ ತಂದೆಯ ತಮ್ಮ, ಧಾರವಾಡದವರು. ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರದ ಪ್ರಯೋಗಶಾಲೆಯ ಡೆಮಾನ್‌ಸ್ಟ್ರೇಟರ್. ಮನಃಶಾಸ್ತ್ರ ಎಂದೊಡನೆ ಜನರಿಗೆ ಹುಚ್ಚಾಸ್ಪತ್ರೆ ನೆನಪಾಗುತ್ತಿದ್ದ ಕಾಲ. ಯಾರೋ ಒಬ್ಬರು ತಮ್ಮ ಮಗನನ್ನು ಕರೆದುಕೊಂಡು ಬಂದು, "ಇವನ ಹುಚ್ಚು ಬಿಡಿಸಿ ಕೊಡಿ" ಎಂದು ಬಾಗಿಲಲ್ಲಿ ಕೈಮುಗಿದಾಗ, ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕೂ, ಉತ್ತರ ಕೊಟ್ಟರು: "ತಪ್ಪು ಮನಿಗೆ ಬಂದೀರಿ. ಇವರು ಬಿಡಸೋರಲ್ಲ, ಹಿಡಸೋರು!"

ಕಾಕಾನ ಕೆಲಸ ಹುಚ್ಚಿನದಲ್ಲ, ಅಳತೆಯದು. ಕಣ್ಣಿಗೆ ಎಷ್ಟು ಮಂದ ಬೆಳಕು ಕಾಣುತ್ತದೆ, ಕಿವಿಗೆ ಎಷ್ಟು ಸಣ್ಣ ಸದ್ದು ಕೇಳುತ್ತದೆ, ಚರ್ಮಕ್ಕೆ ಎಷ್ಟು ಹಗುರ ಮುಟ್ಟಿದರೆ ಗೊತ್ತಾಗುತ್ತದೆ, ನೀರಿಗೆ ಎಷ್ಟು ಉಪ್ಪು ಹಾಕಿದರೆ ನಾಲಿಗೆ ಒಪ್ಪುತ್ತದೆ! ಮೇಷ್ಟರು ಪಾಠ ಹೇಳುತ್ತಿದ್ದರು, ಉಪಕರಣಗಳನ್ನು ಸಜ್ಜು ಮಾಡಿ ಹುಡುಗರಿಂದ ಪ್ರಯೋಗ ಮಾಡಿಸುವವರು ಕಾಕಾ. ಹತ್ತರಿಂದ ಐದರವರೆಗೆ ಅಳೆದವರು ಐದರ ಮೇಲೆ ಸುಮ್ಮನಿರಬೇಕಲ್ಲವೇ? ಇರುತ್ತಿರಲಿಲ್ಲ. ಮನೆಗೆ ಬಂದು ನಮ್ಮನ್ನು ಅಳೆಯುತ್ತಿದ್ದರು.

ನಾನು ಡಿಗ್ರಿ ಮುಗಿಸಿ, ಫೋರ್ಟಿನ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿ, ಮುಲುಂಡಿನಲ್ಲಿ ಅವರ ಮನೆಯಲ್ಲೇ ಇಳಿದುಕೊಂಡಿದ್ದೆ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಬೋರ್ಡಿಂಗ್ ಶಾಲೆಯಲ್ಲಿ ಬೆಳೆದವನು ನಾನು. ಬೆಳಗಿನ ನಾಲ್ಕೂವರೆಗೆ ಎದ್ದು, ಹಾಸಿಗೆ ಸುತ್ತಿ, ಸ್ನಾನ ಮಾಡಿ, ಏಳೂ ನಲವತ್ತರ ಲೋಕಲ್ಲಿಗೆ ಏಳೂವರೆಗೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ ನನ್ನನ್ನು ಕಾಕಾ ಎರಡು ದಿನ ನೋಡಿದರು. ಮೂರನೆಯ ದಿನ ನನ್ನ ಕೈಗೆ ದಪ್ಪ ರಟ್ಟಿನ ನೋಟುಬುಕ್ಕು ಕೊಟ್ಟರು.

"ತಮ್ಮಾ, ನಿನ್ನ ಅಕ್ಷರ ಸಾಲಾಗಿ ನಿಲ್ಲತಾವ. ಇನ್ನ ಮ್ಯಾಲೆ ನಾ ಅಳೀತೀನಿ, ನೀ ಬರೀ."

ಹೀಗೆ ನಾನು ಸಂಬಳವಿಲ್ಲದ ದಾಖಲೆಗಾರನಾದೆ.

ಕಾಕಾನ ಶಾಸ್ತ್ರದ ಮೂಲಸೂತ್ರವನ್ನು ಅವರು ನನಗಿಂತ ಮೊದಲು ಕಾಕೂಗೆ ವಿವರಿಸಿದ್ದರು. ಕೈಯಲ್ಲಿ ಒಂದು ನಿಂಬೆಹಣ್ಣಿದ್ದಾಗ ಇನ್ನೊಂದು ನಿಂಬೆಹಣ್ಣು ಇಟ್ಟರೆ ಥಟ್ಟನೆ ಗೊತ್ತಾಗುತ್ತದೆ. ತಲೆಯ ಮೇಲೆ ಗೋಧಿಯ ಚೀಲವಿದ್ದಾಗ ಅದೇ ನಿಂಬೆಹಣ್ಣನ್ನು ಇಟ್ಟರೆ ಗೊತ್ತಾಗುವುದಿಲ್ಲ. ಹೊರೆ ದೊಡ್ಡದಾದಷ್ಟೂ, 'ಹೆಚ್ಚಾಯಿತು' ಎಂದು ಗೊತ್ತಾಗಲು ಹಾಕಬೇಕಾದ ಭಾರವೂ ದೊಡ್ಡದೇ ಆಗಬೇಕು. ಜರ್ಮನಿಯ ಪಂಡಿತರೊಬ್ಬರು ಇದನ್ನು ಕಂಡುಹಿಡಿದು ಜಗತ್ತಿಗೆ ಕೊಟ್ಟರಂತೆ.

ಕಾಕೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು. ಕೇಳಿ ಹೇಳಿದರು: "ಓಹೋ! ಲಗ್ನ ಆದಾಗಿಂದ ಒಂದೊಂದು ಕೆಲಸ ನನ್ನ ತಲಿ ಮ್ಯಾಲೆ ಇಡಕೋತ ಬಂದೀರಿ. ನನಗ ಗೊತ್ತಾಗಿಲ್ಲ ಅಂತ ತಿಳಕೊಂಡೀರೇನು? ನಿಮ್ಮ ಜರ್ಮನಿಯವರಿಗೆ ಹೆಂಡತಿ ಇರಲಿಲ್ಲ ಕಾಣಸ್ತದ!"

ಆ ಉತ್ತರವನ್ನು ಬರೆದುಕೊಳ್ಳಲು ಕಾಕಾ ನನಗೆ ಹೇಳಲಿಲ್ಲ.

ನನ್ನ ಕಿವಿಯ ಪರೀಕ್ಷೆ ಒಂದು ಭಾನುವಾರ ನಡೆಯಿತು. ನಾನು ಕಣ್ಣಿಗೆ ಟವಲು ಕಟ್ಟಿಕೊಂಡು ವರಾಂಡದ ತುದಿಯಲ್ಲಿ ಕೂಡಬೇಕು. ಕಾಕಾ ಕೈಯಲ್ಲಿ ಜೇಬುಗಡಿಯಾರ ಹಿಡಿದು ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ "ಟಿಕ್ ಟಿಕ್ ಕೇಳಸ್ತದೇನು?" ಎನ್ನಬೇಕು. ನಾನು ಉತ್ತರ ಹೇಳಬೇಕು. ನಾನು ಶಿಸ್ತಿನ ಹುಡುಗ. ಹಿರಿಯರು ಕೇಳಿದರೆ "ಇಲ್ಲ" ಎನ್ನಬಹುದೇ? "ಕೇಳಸ್ತದ" ಎಂದೆ. ಇನ್ನೊಂದು ಹೆಜ್ಜೆ. "ಕೇಳಸ್ತದ." ಮತ್ತೊಂದು. "ಕೇಳಸ್ತದ." ಹನ್ನೊಂದು ಸಲ ಕೇಳಿಸಿತು ನನಗೆ! ಹನ್ನೆರಡನೆಯ ಸಲಕ್ಕೆ "ಅಹೋ ಕಾಕಾ, ಪಾಪಡ್!" ಎಂಬ ಕಿರುಚಾಟ ಕೇಳಿಸಿತು. ಹಿಂದೆ ಹಿಂದೆ ಸರಿದ ಕಾಕಾ, ಪಕ್ಕದ ಮರಾಠಿ ಬಾಯಿ ಹಳೆಯ ಸೀರೆಯ ಮೇಲೆ ಒಣಹಾಕಿದ್ದ ಹಪ್ಪಳಗಳ ನಡುವೆ ನಿಂತಿದ್ದರು. ಒಂದು ಹಪ್ಪಳ ಅಂಗಾಲಿಗೆ ಅಂಟಿತ್ತು.

ನಾನು ಟವಲು ಬಿಚ್ಚಿ ಓಡಿದೆ. ಕಾಕಾ ಅಂಗಾಲಿನ ಹಪ್ಪಳ ಕೀಳುತ್ತ ಗಡಿಯಾರವನ್ನು ನನ್ನ ಕಿವಿಗೆ ಹಿಡಿದರು. ಸದ್ದೇ ಇಲ್ಲ. ಗಡಿಯಾರವನ್ನು ಅವರು ನಾಲ್ಕನೆಯ ಹೆಜ್ಜೆಯಲ್ಲೇ ನಿಲ್ಲಿಸಿಬಿಟ್ಟಿದ್ದರು!

"ಇದಕ್ಕ ಖಾಲಿ ಪರೀಕ್ಷಾ ಅಂತಾರ," ಎಂದರು. "ನಡುನಡುವ ಏನೂ ಇಲ್ಲದ್ದನ್ನ ಇಟ್ಟು ನೋಡಬೇಕು. ಇಲ್ಲಾಂದ್ರ ಯಾರು ಕೇಳಿ ಹೇಳ್ತಾರ, ಯಾರು ನಮ್ಮ ಮಾರಿ ನೋಡಿ ಹೇಳ್ತಾರ, ತಿಳಿಯೂದಿಲ್ಲ. ಬರಕೋ: ಈ ಹುಡುಗ ಹಿರಿಯರ ಮರ್ಯಾದಿಗೆ ಇಲ್ಲದ ಸದ್ದೂ ಕೇಳ್ತಾನ."

ನನ್ನ ಕೈಯಿಂದಲೇ ಬರೆಸಿದರು. ಬರೆದೆ.

ಇಂಥವರನ್ನು ಹೆಣ್ಣು ನೋಡಲು ಕರೆದುಕೊಂಡು ಹೋಗಬಹುದೇ? ಹೋಗಬಾರದು. ಆದರೆ ಮುಂಬಯಿಯಲ್ಲಿ ನನಗೆ ಬೇರೆ ಹಿರಿಯರು ಯಾರಿದ್ದರು? ಮಾಟುಂಗಾದಲ್ಲಿ ಬೆಳಗಾವಿ ಕಡೆಯವರ ಮನೆ. ಉಪ್ಪಿಟ್ಟು ಬಂತು, ಶಿರಾ ಬಂತು, ಮಾತು ನಿಂತಿತು. ಇಂಥ ಹೊತ್ತಿನಲ್ಲಿ ಬೇರೆ ಹಿರಿಯರು "ಹಾಡು ಬರ್ತದೇನು?" ಎಂದು ಕೇಳುತ್ತಾರೆ. ಕಾಕಾ ಜೇಬಿನಿಂದ ಎರಡು ಮೊನೆಯ ಕೈವಾರ ತೆಗೆದು ಹೆಣ್ಣಿನ ತಂದೆಯ ಹಿಂದೆ ಹೋಗಿ ನಿಂತರು!

"ಗಾಬರಿ ಆಗಬ್ಯಾಡ್ರಿ. ನಿಮ್ಮ ಬೆನ್ನಿಗೆ ಮುಟ್ಟಸ್ತೀನಿ. ಒಂದು ಮೊನಿ ಅದನೋ, ಎರಡು ಅದಾವೋ, ಇಷ್ಟ ಹೇಳ್ರಿ. ಮನುಷ್ಯಾನ ಬೆರಳು ಭಾಳ ಶ್ಯಾಣ್ಯಾ, ಬೆನ್ನು ಭಾಳ ದಡ್ಡ. ನೋಡೇ ಬಿಡೋಣ."

ಆ ಸಾತ್ವಿಕರು ಗಂಡಿನ ಕಡೆಯವರ ಮಾತಿಗೆ ಎದುರಾಡುವವರಲ್ಲ. "ಒಂದೋ ಎರಡೋ?" ಎಂದರೆ, "ನೀವು ಅಂದಂಗ್ರೀ" ಎಂದರು. "ಈಗ?" ಎಂದರೆ, "ತಾವು ಹ್ಯಾಂಗ ಅಂತೀರೋ ಹಂಗ್ರೀ!" ನಾಲ್ಕನೆಯ ಸಲಕ್ಕೆ ಪರದೆಯ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಅದರ ಹಿಂದೆಯೇ ಹುಡುಗಿಯ ದನಿ: "ಅಪ್ಪಾ, ಎರಡು ಮುಟ್ಟಿಸ್ಯಾರ. ಗೊತ್ತಾಗದಿದ್ರ ಗೊತ್ತಾಗೂದಿಲ್ಲ ಅಂತ ಹೇಳು. ಅದರಾಗೇನು ಮರ್ಯಾದಿ ಹೋಗ್ತದ?"

ಕಾಕಾ ಕೈವಾರ ಮಡಚಿ ಜೇಬಿಗೆ ಹಾಕಿ ನನ್ನ ಕಿವಿಯಲ್ಲಿ, "ಒಪ್ಪಿಕೋ," ಎಂದರು. ಒಪ್ಪಿಕೊಂಡೆ. ಈ ಪ್ರಬಂಧದ ಒತ್ತಕ್ಷರಗಳನ್ನು ತಿದ್ದಿಕೊಟ್ಟವಳು ಅವಳೇ.

ಈಗ ಭಟ್ಟರ ವಿಷಯಕ್ಕೆ ಬರುತ್ತೇನೆ.

ಕಾಕಾ ಪ್ರತಿ ಶನಿವಾರ ಮಧ್ಯಾಹ್ನ ಗ್ರಾಂಟ್ ರೋಡಿನ ಹಳೆಯ ಸಾಮಾನಿನ ಅಂಗಡಿಗಳನ್ನು ಜಾಲಾಡುತ್ತಿದ್ದರು. ಅಲ್ಲಿ ಒಡೆದ ತಕ್ಕಡಿ, ಹಿತ್ತಾಳೆಯ ತೂಕದ ಬೊಟ್ಟು, ತಟ್ಟಿದರೆ ನಾದ ಕೊಡುವ ಶ್ರುತಿಕವೆ, ಏನಾದರೊಂದು ಸಿಗುತ್ತಿತ್ತು. ಸಿಕ್ಕಿದ್ದನ್ನು ನನ್ನ ಹೆಗಲಿಗೆ ಹಾಕಿ, ಸ್ಟೇಷನ್ನಿನ ಬಳಿಯ ಉಡುಪಿ ಹೋಟೆಲಿಗೆ ಇಡ್ಲಿ ಸಾಂಬಾರಿಗೆ ಹೋಗುವುದು ವಾಡಿಕೆ. ಹೋಟೆಲಿನ ಯಜಮಾನರನ್ನು ಎಲ್ಲರೂ ರಾಯರು ಎನ್ನುತ್ತಿದ್ದರು. ಹಣದ ಗಲ್ಲಾದ ಮೇಲೆ ಕೂತರೆ ರಾಜಠೀವಿ. ಒಂದು ಶನಿವಾರ ಅವರು ಕಾಕಾನನ್ನು ಹತ್ತಿರ ಕರೆದರು.

"ಮಾಸ್ಟ್ರೇ, ನೀವು ಎಲ್ಲವನ್ನೂ ಅಳೀತೀರಂತೆ. ನಮ್ಮ ಭಟ್ಟರ ನಾಲಿಗೆಯನ್ನೊಮ್ಮೆ ಅಳೆದು ಕೊಡಿ ಮಾರಾಯ್ರೆ."

"ಯಾಕ್ರಿ, ಏನಾಗೇದ?"

"ಎಂತ ಆಗುವುದು! ಬೆಳಿಗ್ಗೆ ದೇವರಿಗೆ ತೋರಿಸಿ ಆದ ಮೇಲೆ ನಾನೇ ಒಳಗೆ ಹೋಗಿ ಸಾಂಬಾರು ನೋಡ್ತೇನೆ. ದಿನಾ ಸಪ್ಪೆ! ಮುಷ್ಟಿಯಲ್ಲಿ ಉಪ್ಪು ಹಾಕಿ, ಸರಿ ಮಾಡಿ, ಬಂದು ಕೂತ್ಕೊಳ್ತೇನೆ. ಹತ್ತು ಗಂಟೆಗೆ ಗಿರಾಕಿ 'ಉಪ್ಪು ಜಾಸ್ತಿ' ಅಂತ ಪ್ಲೇಟು ದೂಡ್ತಾನೆ. ಅಂದ್ರೆ ನಾನು ಈಚೆ ಬಂದ ಮೇಲೆ ಇವರು ಮರೆತು ಇನ್ನೊಮ್ಮೆ ಹಾಕ್ತಾರೆ. ಅರವತ್ತು ದಾಟಿತು, ನಾಲಿಗೆ ಸತ್ತಿದೆ. ಈ ತಿಂಗಳ ಕೊನೆಗೆ ಊರಿನ ಹಡಗು ಹತ್ತಿಸಿಬಿಡ್ತೇನೆ. ಬೇರೆ ಅಡಿಗೆಯವನಿಗೆ ಹೇಳಿಯೂ ಆಗಿದೆ."

ಭಟ್ಟರು ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಒಣಗಿದ ಮೈ, ಸೊಂಟಕ್ಕೆ ಬಿಗಿದ ಪಂಚೆ. ರಾಯರ ಮಾತಿಗೆ ಅವರು ಒಂದಕ್ಷರ ಎದುರಾಡಲಿಲ್ಲ. ಕಾಕಾ ಹತ್ತಿರ ಹೋದಾಗ ಮಾತ್ರ ಮೆಲ್ಲನೆ ಕೇಳಿದರು: "ಊರಿಗೆ ಹೋಗಿ ನಾನು ಎಂತ ಮಾಡುವುದು ಮಾಸ್ಟ್ರೇ? ಅಲ್ಲಿ ನನಗೆ ಯಾರು ಒಲೆ ಬಿಟ್ಟುಕೊಡ್ತಾರೆ?"

ಕಾಕಾ ಎದೆ ಸೆಟೆಸಿ ನಿಂತರು. "ರಾಯರ, ಎಂಟು ದಿವಸ ಕೊಡ್ರಿ. ನಾಲಿಗಿ ಸತ್ತದೋ ಬದುಕೇದೋ, ಅಳತಿ ಹೇಳ್ತದ."

"ಆಗ್ಲಿ. ನಿಮ್ಮ ಅಳತೆ ಎಂತ ಹೇಳ್ತದೋ ಹಾಗೇ ಮಾಡುವ."

ಓದುಗರಿಗೆ ಈಗಾಗಲೇ ಏನೋ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ. ಏಕೆಂದರೆ ನಮ್ಮ ಬಳಿ ಉಪಕರಣಗಳಿದ್ದವು!

ಭಾನುವಾರ ಮಧ್ಯಾಹ್ನ ಮೂರಕ್ಕೆ ಪರೀಕ್ಷೆ. ಅದಕ್ಕೂ ಮೊದಲು ಭಟ್ಟರು ಮಡಿಯಲ್ಲಿರುತ್ತಿದ್ದರು. ಎಂಟು ಕಪ್ಪುಗಳು. ಮೊದಲನೆಯದರಲ್ಲಿ ಬರೀ ನೀರು, ಎರಡನೆಯದರಲ್ಲಿ ಚೂರು ಉಪ್ಪು, ಹೀಗೆ ಏರುತ್ತ ಹೋಗಿ ಎಂಟನೆಯದು ಸಮುದ್ರ. ನಾನು ಮೊದಲೇ ರುಚಿ ನೋಡಿದಾಗ ಮೂರನೆಯ ಕಪ್ಪಿಗೇ ಉಪ್ಪು ಹತ್ತಿತ್ತು. ಭಟ್ಟರು ಕಪ್ಪನ್ನು ತುಟಿಗೆ ಮುಟ್ಟಿಸದೆ ಒಂದು ಗೇಣು ಮೇಲಿನಿಂದ ಗಂಟಲಿಗೇ ಹೊಯ್ದುಕೊಂಡರು.

"ಭಟ್ಟರ, ನಾಲಿಗಿ ಮ್ಯಾಲೆ ನಿಲ್ಲಸ್ರಿ! ಸೀದಾ ಹೊಟ್ಟಿಗೆ ಕಳಿಸಿದ್ರ ನಾ ಹೊಟ್ಟಿ ಅಳೀಬೇಕಾಗ್ತದ!"

"ಕಚ್ಚಿ ಕುಡಿದ್ರೆ ಎಂಜಲಾಗ್ತದಲ್ಲ ಮಾಸ್ಟ್ರೇ. ಕಪ್ಪು ನಿಮ್ಮ ಕಾಲೇಜಿನದ್ದು."

ಕಾಡಿ ಬೇಡಿ ನಾಲಿಗೆಯ ಮೇಲೆ ನಿಲ್ಲಿಸಿದ್ದಾಯಿತು. ಮೂರು, ನಾಲ್ಕು, ಐದು: ಭಟ್ಟರು ತಲೆಯಲ್ಲಾಡಿಸಿದರು. ಆರನೆಯದಕ್ಕೆ, "ಹಾಂ, ಉಪ್ಪು ಉಂಟು" ಎಂದರು. ಕಾಕಾ ಹಿಂದೆ ಮುಂದೆ ಮಾಡಿ ಏಳೆಂಟು ಸಲ ಕೊಟ್ಟರು. ಪ್ರತಿ ಸಲವೂ ಆರಕ್ಕೇ ಉಪ್ಪು ಹತ್ತಿತು; ಕಾಕಾನ ಶಾಸ್ತ್ರದಲ್ಲಿ ಇದಕ್ಕೆ 'ಹೊಸ್ತಿಲು' ಎಂದು ಹೆಸರು. ಗಲ್ಲಾದಿಂದ ರಾಯರು, "ನೋಡಿದ್ರಾ? ನಾನು ಹೇಳ್ಲಿಲ್ವಾ?" ಎಂದರು. ಭಟ್ಟರು ಕಪ್ಪುಗಳನ್ನು ತಾವೇ ತೊಳೆದು, ಒರೆಸಿ, ನಮ್ಮ ಚೀಲಕ್ಕೆ ಹಾಕಿಕೊಟ್ಟರು.

ಅಂದು ರೈಲಿನಲ್ಲಿ ಕಾಕಾ ಯಾರ ಬೆನ್ನಿಗೂ ಕೈ ಹಾಕಲಿಲ್ಲ. ಮನೆಗೆ ಬಂದು ವರದಿ ಬರೆಯಲು ಕೂತು, "ಭಟ್ಟರ ಕಥಿ ಮುಗೀತು. ನಾಲಿಗಿ ಮಂದ ಆಗೇದ," ಎಂದು ಕಾಕೂಗೆ ಹೇಳಿದರು.

ಕಾಕೂ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು. "ಆದ್ರ ಏನಾತು?"

"ಏನಾತು? ಅಡಿಗೆಯವ್ರು ನಾಲಿಗಿ ಕಳಕೊಂಡ್ರ ಇನ್ನೇನುಳೀತು?"

"ಅಲ್ರೀ, ಮಡಿ ಅಡಿಗಿ ಮಾಡೋರು ದೇವರಿಗೆ ತೋರಿಸೂಕಿಂತ ಮೊದಲ ರುಚಿ ನೋಡ್ತಾರೇನು? ನಾ ಈ ಮನಿಗೆ ಬಂದು ಇಪ್ಪತ್ತು ವರ್ಷ ಆತು. ಒಂದು ದಿನಾನೂ ಒಲಿ ಮುಂದ ನಾಲಿಗಿಗೆ ಹಚ್ಚಿ ನೋಡಿಲ್ಲ. ಎರಡು ಹೊತ್ತೂ ಚಪ್ಪರಿಸಿಕೊಂಡು ಉಂಡೀರಿ. ಎಂದಾದ್ರೂ ಅಳದೀರೇನು, ನಾ ಹ್ಯಾಂಗ ಉಪ್ಪು ಹಾಕ್ತೀನಿ ಅಂತ?"

ಕಾಕಾನ ಪೆನ್ನು ಕೆಳಗೆ ಬಿತ್ತು. ಜಗತ್ತಿನ ಎಲ್ಲ ಇಂದ್ರಿಯಗಳ ಹೊಸ್ತಿಲು ಅಳೆದ ಮನುಷ್ಯ, ಮಡಿ ಅಡಿಗೆಯ ಭಟ್ಟರ ನಾಲಿಗೆಯನ್ನು ಅಳೆದಿದ್ದರು! ಕುಂಟನೋ ಅಲ್ಲವೋ ಎಂದು ನೋಡಲು ಕೈ ಹಿಡಿದು ನೋಡಿದಂತೆ!

ಸೋಮವಾರ ಸಂಜೆ ನಾನು ಕಚೇರಿಯಿಂದ ಸೀದಾ ಗ್ರಾಂಟ್ ರೋಡಿಗೆ ಹೋಗುವಷ್ಟರಲ್ಲಿ ಕಾಕಾ ಅಲ್ಲಿದ್ದರು. ಪ್ರಶ್ನೆ ಕೇಳಿದ್ದೇ ಭಟ್ಟರು ಎರಡೂ ಕಿವಿ ಮುಚ್ಚಿಕೊಂಡರು.

"ರಾಮ ರಾಮಾ! ನೈವೇದ್ಯಕ್ಕೆ ಮೊದಲು ರುಚಿ ನೋಡುವುದಾ? ಎಂತ ಮಾತು ಮಾಸ್ಟ್ರೇ!"

"ಹಂಗಾದ್ರ ನಿನ್ನೆ ಯಾಕ ಹೇಳಲಿಲ್ಲ?"

"ನೀವು ನಾಲಿಗೆ ಕೇಳಿದ್ರಿ, ತೋರಿಸಿದೆ. ಉಪ್ಪು ಹಾಕುವುದು ಯಾವುದರಲ್ಲಿ ಅಂತ ಕೇಳಿದ್ರಾ?"

"ಯಾವುದರಾಗ ಹಾಕ್ತೀರಿ?"

ಭಟ್ಟರು ಬಲಗೈ ಚಾಚಿ, ಉಪ್ಪು ಹಿಡಿದವರಂತೆ ಬೆರಳು ಮಡಚಿ, ಸ್ವಲ್ಪ ಮೇಲೆ ಕೆಳಗೆ ಆಡಿಸಿದರು. "ಇದಕ್ಕೆ ಗೊತ್ತಾಗ್ತದೆ. ಮತ್ತೆ ಕುದಿಯುವ ಪರಿಮಳ ಮೂಗಿಗೆ ಗೊತ್ತಾಗ್ತದೆ. ನಾಲಿಗೆಗೆ ಅಡಿಗೆಮನೆಯಲ್ಲಿ ಎಂತ ಕೆಲಸ?"

ಹೋಗಿದ್ದ ಕಳೆ ಕಾಕಾನ ಮುಖಕ್ಕೆ ಮರಳಿ ಬಂತು. ಬುಧವಾರ ಹತ್ತು ಡಬ್ಬಿಗಳನ್ನು ಹೊತ್ತುಕೊಂಡು ಹೋದೆವು. ನೋಡಲು ಎಲ್ಲವೂ ಒಂದೇ, ಒಳಗೆ ಮರಳು ಬೇರೆ ಬೇರೆ ತೂಕ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಎಷ್ಟು ಅಲ್ಪವೆಂದರೆ, ಕಾಲೇಜಿನ ಹುಡುಗರು ಅವುಗಳನ್ನು ಸಾಲಾಗಿ ಜೋಡಿಸಲಾಗದೆ ಬೆವರುತ್ತಿದ್ದರು. ಭಟ್ಟರು ಒಂದೊಂದನ್ನೇ ಅಂಗೈಯಲ್ಲಿ ಆಡಿಸಿ, ಸೌತೆಕಾಯಿ ಆರಿಸುವಷ್ಟು ಸಲೀಸಾಗಿ ಸಾಲಾಗಿ ಇಟ್ಟರು. ಎಲ್ಲವೂ ಸರಿ! ಕೊನೆಯಲ್ಲಿ ಎರಡು ಡಬ್ಬಿಗಳನ್ನು ಜೋಡಿಯಾಗಿ ಪಕ್ಕಕ್ಕಿಟ್ಟು, "ಇವೆರಡು ಒಂದೇ. ನೀವು ಗಡಿಬಿಡಿಯಲ್ಲಿ ತುಂಬಿಸಿದ್ದು," ಎಂದರು.

"ಸಾಧ್ಯ ಇಲ್ಲ!" ಎಂದರು ಕಾಕಾ. "ನಾನೇ ತೂಗೇನಿ!"

ಮರುದಿನ ಕಾಲೇಜಿನ ತಕ್ಕಡಿಯಲ್ಲಿ ತೂಗಿದರು. ಎರಡೂ ಒಂದೇ. ಕಾಕಾ ಸಂಜೆ ಮನೆಗೆ ಬಂದು ನಮ್ಮಿಬ್ಬರಿಗೂ ಕೇಳಿಸುವಂತೆ, "ಆ ಮನುಷ್ಯಾ ಕೈಯಲ್ಲ, ತಕ್ಕಡಿ ಹಚಗೊಂಡು ಹುಟ್ಯಾನ!" ಎಂದು ನಾಲ್ಕು ಸಲ ಕೂಗಿದರು.

ಶನಿವಾರ ಎಂಟು ದಿನದ ಗಡುವು ಮುಗಿಯಿತು. ಕಾಕಾ ಗಲ್ಲಾದ ಮುಂದೆ ನಿಂತು ಹೇಳಿದರು: "ರಾಯರ, ಭಟ್ಟರ ಕೈ ಪಕ್ಕಾ ಅದ. ಉಪ್ಪಿನ ತಪ್ಪು ಅವರದಲ್ಲ."

ರಾಯರ ಮುಖ ಕೆಂಪಾಯಿತು. "ಹಾಗಾದ್ರೆ ನನ್ನದಾ? ದಿನಾ ನೋಡಿ ಸರಿ ಮಾಡುವವ ನಾನು! ನನ್ನ ನಾಲಿಗೆಯನ್ನೂ ಅಳೆಯಿರಿ. ಎಲ್ಲರ ಎದುರಿಗೇ ಅಳೆಯಿರಿ. ಈ ನಾಲಿಗೆ ಮೇಲೆ ಇಷ್ಟು ದೊಡ್ಡ ಹೋಟೆಲು ನಿಂತಿದೆ ಮಾರಾಯ್ರೆ!"

ಕಾಫಿಯ ಲೋಟ ಹಿಡಿದುಕೊಂಡೇ ಗಿರಾಕಿಗಳು ಎದ್ದು ಬಂದು ಸುತ್ತುಗಟ್ಟಿದರು. ನಾನೂ ಕಾಕಾನೂ ಮೂಲೆಯ ಮೇಜಿನ ಮೇಲೆ ಚೊಂಬಿನಲ್ಲಿದ್ದ ಉಪ್ಪುನೀರನ್ನು ಹಿಂದಿನ ಅಳತೆಯಲ್ಲೇ ಬೆರೆಸಿ ಎಂಟು ಕಪ್ಪುಗಳನ್ನು ತುಂಬಿಸಿದೆವು. ರಾಯರು ಕುರ್ಚಿಯಲ್ಲಿ ಕೂತು ಮೊದಲನೆಯದನ್ನು ಕುಡಿದರು. "ನೀರು." ಸರಿ. ಎರಡನೆಯದು. "ನೀರು." ಮೂರು, ನಾಲ್ಕು, ಐದು. "ನೀರು, ನೀರು, ನೀರು. ಎಂತ ಮಾಸ್ಟ್ರೇ, ತಮಾಷೆಯಾ?" ಗಿರಾಕಿಗಳು ನಕ್ಕರು. ಆರು. ನೀರು. ಏಳು. ನೀರು. ನನ್ನ ಕೈಯಲ್ಲಿದ್ದ ಪೆನ್ಸಿಲು ನಿಂತಿತು. ಎಂಟನೆಯದನ್ನು ನಾನು ಹಿಂದಿನ ವಾರ ತುದಿನಾಲಿಗೆಗೆ ಹಚ್ಚಿ ಮೂರು ಸಲ ಬಾಯಿ ಮುಕ್ಕಳಿಸಿದ್ದೆ. ರಾಯರು ಅದರಲ್ಲಿ ಅರ್ಧ ಕಪ್ಪು ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಹೇಳಿದರು:

"ಇದೂ ನೀರೇ."

ಮುಂದೆ ನಿಂತಿದ್ದ ಗಿರಾಕಿಯೊಬ್ಬರು, "ಕೊಡಿ ಇಲ್ಲಿ, ನಾನೊಮ್ಮೆ ನೋಡ್ತೇನೆ," ಎಂದು ಆ ಕಪ್ಪಿಗೆ ಕೈ ಚಾಚಿದರು.

ಅಡಿಗೆಮನೆಯ ಬಾಗಿಲಿನಿಂದ ಭಟ್ಟರು ಹೇಗೆ ಬಂದರೋ! ಎಂಟೂ ಕಪ್ಪುಗಳನ್ನು ಬಾಚಿ ತಟ್ಟೆಗೆ ಹಾಕಿಕೊಂಡು ಬಚ್ಚಲಿಗೆ ಸುರಿದೇಬಿಟ್ಟರು. "ನೀರೇ ಅದು! ಉಪ್ಪುನೀರಿನ ಚೊಂಬನ್ನು ನಾನು ಚೆಲ್ಲಿ ಬರೀ ನೀರು ತುಂಬಿಸಿಟ್ಟಿದ್ದೆ. ಹೇಳಲಿಕ್ಕೆ ಮರೆತೆ. ವಯಸ್ಸಾಯ್ತಲ್ಲ, ಮರೆವು."

ಚೊಂಬಿಗೆ ಅವರು ಕೈಯನ್ನೇ ಹಚ್ಚಿರಲಿಲ್ಲ. ಉಪ್ಪು ತೂಗಿ ಕರಗಿಸಿದವನು ನಾನು. ಮರೆವು! ಯಾವ ಮಾತಿಗಾಗಿ ಅವರನ್ನು ಹಡಗು ಹತ್ತಿಸಲಿದ್ದರೋ, ಅದೇ ಮಾತನ್ನು ಆ ಮನುಷ್ಯ ಹತ್ತು ಜನರ ಮುಂದೆ ತಾವಾಗಿಯೇ ಒಪ್ಪಿಕೊಂಡು ನಿಂತಿದ್ದರು.

ಅಂಕಿ ತಪ್ಪು ಬರೆದನೆಂದು ಪ್ರಿನ್ಸಿಪಾಲರ ಮಗನನ್ನೇ ಪ್ರಯೋಗಶಾಲೆಯಿಂದ ಹೊರಗೆ ಹಾಕಿದವರು ನಮ್ಮ ಕಾಕಾ. ಅವರು ಭಟ್ಟರ ಮುಖ ನೋಡಿದರು. ರಾಯರ ಮುಖ ನೋಡಿದರು. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ಕೇಳಿಸುವಂತೆ ಹೇಳಿದರು:

"ಮರೆವು ಭಟ್ಟರದಲ್ಲ, ನಂದು. ಚೊಂಬು ನಾನೇ ಬದಲಿ ಮಾಡೇನಿ. ಉಪ್ಪು ಹಾಕೇ ಇಲ್ಲ. ಬರೀ ತಮ್ಮಾ: ಎಂಟೂ ಕಪ್ಪು ನೀರು. ರಾಯರ ಉತ್ತರ ಎಂಟಕ್ಕೆಂಟೂ ಸರಿ."

"ಎಂಟಕ್ಕೆ ಎಂಟು!" ಎಂದು ರಾಯರು ತೊಡೆ ತಟ್ಟಿದರು. "ಮಾಸ್ಟ್ರು ಫೇಲ್!" ಎಂದು ಗಿರಾಕಿಗಳು ಹೋ ಎಂದು ನಕ್ಕರು. ನಾನು ಬರೆದೆ. ಗೊತ್ತಿದ್ದೂ ಬರೆದ ಸುಳ್ಳು ದಾಖಲೆ ನನ್ನ ಇಡೀ ಆಯುಷ್ಯದಲ್ಲಿ ಅದೊಂದೇ.

ನಗು ನಿಲ್ಲುವವರೆಗೂ ಕಾಕಾ ಕಾದರು. ನಿಂತ ಮೇಲೆ, ಸೋತ ಮೇಷ್ಟರ ದನಿಯಲ್ಲಲ್ಲ, ತೀರ್ಪು ಕೊಡುವ ನ್ಯಾಯಾಧೀಶರ ದನಿಯಲ್ಲಿ ಮುಂದುವರಿಸಿದರು: "ರಾಯರ, ನಿಮ್ಮ ನಾಲಿಗಿ ಪಕ್ಕಾ, ಅವರ ಕೈ ಪಕ್ಕಾ. ತೊಂದರಿ ಇಲ್ಲೇ ಅದ. ಎರಡು ಪಕ್ಕಾ ಸಾಧನ ಒಂದೇ ಹಂಡೆದಾಗ ಕೆಲಸ ಮಾಡಬಾರದು, ಲೆಕ್ಕ ಎರಡು ಸಲ ಬೀಳ್ತದ. ನಾಳೆಯಿಂದ ಹಂಡೆಕ್ಕ ಭಟ್ಟರ ಕೈ ಒಂದೇ. ನೀವು ಯಜಮಾನ್ರು, ಒಲಿ ಹತ್ರ ಯಾಕ ಹೋಗ್ತೀರಿ? ನಿಮ್ಮ ಸಾಂಬಾರಿನ ಬಟ್ಟಲ ನಿಮ್ಮ ಗಲ್ಲಾಕ್ಕ ಬರಲಿ."

ಯಜಮಾನರಿಗೆ ಆ ಮಾತು ಹಿಡಿಸಿತು. "ಶಾಸ್ತ್ರ ಹಾಗೆ ಹೇಳುವುದಾದ್ರೆ ಹಾಗೇ ಆಗ್ಲಿ," ಎಂದರು. "ಭಟ್ರೇ, ಹಡಗು ಗಿಡಗು ಎಂತದೂ ಇಲ್ಲ. ಹೋಗಿ, ಸಾಂಬಾರು ನೋಡಿ."

ಒಂದು ವಾರ ಬಿಟ್ಟು, ನನ್ನ ಕಚೇರಿಗೆ ರಜೆ ಇದ್ದ ದಿನ, ಬೆಳಿಗ್ಗೆಯೇ ಕಾಕಾ ನನ್ನನ್ನು ಎಳೆದುಕೊಂಡು ಹೋದರು. ರಾಯರು ಇನ್ನೂ ಬಂದಿರಲಿಲ್ಲ. ಅಡಿಗೆಮನೆಯ ಹೊರಗೆ ನಿಂತು ನೋಡಿದೆವು. ಮಡಿಯಲ್ಲಿದ್ದ ಭಟ್ಟರು ಹಂಡೆಯಿಂದ ರಾಯರ ಬೆಳ್ಳಿಯ ಬಟ್ಟಲಿಗೆ ಸಾಂಬಾರು ತೋಡಿ, ಬೇರೆ ಇಟ್ಟು, ಅದಕ್ಕೊಂದಕ್ಕೇ ಮೂರು ಬೆರಳಲ್ಲಿ ಉಪ್ಪು ಹಾಕುತ್ತಿದ್ದರು.

"ಎಷ್ಟು ದಿವಸದಿಂದ ಗೊತ್ತು ನಿಮಗ?" ಎಂದು ಕಾಕಾ ಕೇಳಿದರು.

"ಎರಡು ವರ್ಷ ಆಯ್ತು. ಹಂಡೆಗೆ ಒಂದು ಮುಷ್ಟಿ ಕಮ್ಮಿ ಹಾಕಿ ಇಡ್ತಿದ್ದೆ, ಅವರ ಮುಷ್ಟಿಗೆ ಜಾಗ ಬೇಕಲ್ಲ? ಈಗೀಗ ಅವರು ಎರಡೆರಡು ಮುಷ್ಟಿ ಹಾಕ್ಲಿಕ್ಕೆ ಶುರುಮಾಡಿದ್ರು. ಅದು ನನ್ನ ಕೈಮೀರಿ ಹೋಯ್ತು."

"ಹೇಳಬಾರದಾಗಿತ್ತೇನು? ನಿಮ್ಮ ಒಲಿನೇ ಹೋಗ್ತಿತ್ತಲ್ರೀ!"

"ಹೋಟೆಲು ಇಟ್ಟವರಿಗೆ ನಿಮ್ಮ ನಾಲಿಗೆ ಹೋಯ್ತು ಅಂತ ಹೇಗೆ ಹೇಳುವುದು ಮಾಸ್ಟ್ರೇ? ಒಂದೇ ಹಡಗಿನಲ್ಲಿ ಬಂದವರು ನಾವು. ಮೊದಲ ವರ್ಷವೇ ಅವರಿಗೆ ವಿಷಮಜ್ವರ. ಮೂರು ವಾರ ಗಂಜಿ ಕುಡಿಸಿದೆ, ಒಂದು ರುಚಿಯೂ ಗೊತ್ತಾಗ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ 'ಭಟ್ರೇ, ಉಪ್ಪು ತಾಗ್ತದೆ' ಅಂತ ಹೇಳಿ ಮಕ್ಕಳ ಹಾಗೆ ಅತ್ತುಬಿಟ್ರು. ಅದನ್ನು ಕೇಳಿದವ ನಾನು. ಈಗ ತಾಗುವುದಿಲ್ಲ ಅಂತ ನನ್ನ ಬಾಯಿಂದಲೇ ಬರಬೇಕಾ?"

ಒಲೆಯ ಮೇಲೆ ಹಂಡೆ ಕುದಿಯುತ್ತಿತ್ತು. ಕಾಕಾ ಬೆಳ್ಳಿಯ ಬಟ್ಟಲಿನ ಕಡೆ ಬೆರಳು ತೋರಿಸಿದರು.

"ಇದಕ್ಕ ಎಷ್ಟು ಹೆಚ್ಚಿಗಿ ಹಾಕ್ತೀರಿ?"

"ಅವರು ಸಪ್ಪೆ ಅನ್ನದಷ್ಟು."

ಕಾಕಾ ಹೊಸ್ತಿಲು ದಾಟಿ ಒಳಗೆ ಹೋಗಿ, ಉಪ್ಪಿನ ಪುಡಿ ಅಂಟಿದ್ದ ಆ ಬಲಗೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡುಬಿಟ್ಟರು.

"ಅಯ್ಯಯ್ಯೋ, ಮಾಸ್ಟ್ರೇ, ಮಡಿ! ಮಡಿಯಲ್ಲಿದ್ದೇನೆ! ಇನ್ನೊಮ್ಮೆ ಸ್ನಾನ ಮಾಡಬೇಕಲ್ಲ ಮಾರಾಯ್ರೆ," ಎಂದರು ಭಟ್ಟರು. ಕೈ ಮಾತ್ರ ಎಳೆದುಕೊಳ್ಳಲಿಲ್ಲ.